ಘಟ್ಟ ಇಳಿದು ಸರ್ಫಿಂಗ್ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ, ಶಿವಮೊಗ್ಗದಲ್ಲಿ ನೌಕರಿ ಮಾಡುತ್ತಾ, ಮೂವತ್ತೈದು ದಾಟಿದ ಮೇಲೆ ಕಡಲಿಗಿಳಿದು ಸರ್ಫಿಂಗ್, ಅಂದರೆ ಹಲಗೆಯ ಮೇಲೆ ನಿಂತು ಅಲೆಯೊಂದಿಗೆ ಜಾರಿ ಬರುವುದನ್ನು, ಕಲಿತವನು. ರಜೆ ಸಿಕ್ಕಾಗಲೆಲ್ಲ ಮೂಲ್ಕಿಯಿಂದ ಗೋಕರ್ಣದವರೆಗಿನ ಕರಾವಳಿಯಲ್ಲಿ ಓಡಾಡುತ್ತಾ ಕಲಿತದ್ದರಿಂದ, ಊರಿನ ಸ್ನೇಹಿತರೂ ನೆಂಟರೂ ಕಚೇರಿಯ ಜೊತೆಗಾರರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಅವುಗಳಿಗೆ ಇಲ್ಲಿ ಒಟ್ಟಾಗಿ ಉತ್ತರ ಬರೆದಿದ್ದೇನೆ. ತರಬೇತುದಾರನ ಪ್ರಮಾಣಪತ್ರ ನನ್ನಲ್ಲಿಲ್ಲ. ಆದ್ದರಿಂದ ಇದನ್ನು ಓದಿಕೊಂಡು ಯಾರೂ ಒಬ್ಬರೇ ನೀರಿಗಿಳಿಯಬಾರದು.

ಕಡಲೇ ಕಾಣದೆ ಬೆಳೆದ ಮಲೆನಾಡಿನವರಿಗೆ ಸರ್ಫಿಂಗ್ ಒಗ್ಗುತ್ತದೆಯೇ?

ಒಗ್ಗುತ್ತದೆ. ಕರ್ನಾಟಕದ ಕರಾವಳಿಗೂ ಈ ಆಟ ತೀರ ಹಳೆಯದಲ್ಲ. ಮೂಲ್ಕಿಯ ಆಶ್ರಮವೊಂದರಲ್ಲಿ ನೆಲೆಸಿದ್ದ, 'ಸರ್ಫಿಂಗ್ ಸ್ವಾಮಿ' ಎಂದೇ ಹೆಸರಾದ ಅಮೆರಿಕದ ಜಾಕ್ ಹೆಬ್ನರ್ ಮತ್ತು ಅವರ ಶಿಷ್ಯರು 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭಿಸಿದ ಮೇಲೆ ಇಲ್ಲಿ ಇದು ಬೇರೂರಿತು. ಎಂದರೆ, ಇಂದು ಅಲೆಯ ಮೇಲೆ ಸಲೀಸಾಗಿ ನಿಂತು ಬರುವ ಕರಾವಳಿಯ ಹುಡುಗರ ಅಪ್ಪ ಅಜ್ಜಂದಿರಿಗೂ ಈ ಹಲಗೆಯ ಪರಿಚಯ ಇರಲಿಲ್ಲ. ಕರಾವಳಿಯವರಿಗೆ ಕಡಲಿನ ಹೆದರಿಕೆ ಇಲ್ಲ ಎಂಬುದು ದೊಡ್ಡ ಅನುಕೂಲವೇ ಹೌದು.

ನಮಗೂ ಒಂದು ಅನುಕೂಲವಿದೆ. ಮಳೆಗಾಲದಲ್ಲಿ ಸಂಕ (ಹಳ್ಳದ ಮೇಲಿನ ಮರದ ಕಾಲುಸೇತುವೆ) ದಾಟಿ ಶಾಲೆಗೆ ಹೋದವರಿಗೆ ಹಿರಿಯರು ಹೇಳಿದ ಮಾತು ನೆನಪಿರಬಹುದು: ಮಂಡಿ ಸ್ವಲ್ಪ ಮಡಿಸು, ಕಾಲು ನೋಡಬೇಡ, ಆಚೆ ದಡ ನೋಡು. ಸರ್ಫಿಂಗ್ ತರಗತಿಯ ಮೊದಲ ದಿನ ತರಬೇತುದಾರರು ಹೇಳಿದ್ದು ಅಕ್ಷರಶಃ ಅದೇ. ಕೆಳಗೆ ಹಲಗೆಯನ್ನು ನೋಡಿದೊಡನೆ ತಲೆಯ ಭಾರ ಮುಂದಕ್ಕೆ ವಾಲಿ ದೇಹವೂ ಅದರ ಹಿಂದೆಯೇ ಹೋಗುತ್ತದೆ.

ತುಂಗೆಯಲ್ಲಿ ಚೆನ್ನಾಗಿ ಈಜುತ್ತೇನೆ, ಅಷ್ಟು ಸಾಲದೇ?

ಈಜು ಬರುವುದು ಒಳ್ಳೆಯದು. ಆದರೆ ನದಿ ಕಲಿಸಿದ ಕೆಲವು ಅಭ್ಯಾಸಗಳನ್ನು ಕಡಲಿನಲ್ಲಿ ಬಿಡಬೇಕಾಗುತ್ತದೆ. ಘಟ್ಟದ ಮೇಲಿನವರು ಎಡವುವುದು ಬಹುಪಾಲು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನದಿಯಲ್ಲಿ ನೀರೇ ಹರಿಯುತ್ತದೆ. ಅಲೆಯಲ್ಲಿ ಹರಿಯುವುದು ನೀರಲ್ಲ, ಶಕ್ತಿ. ಅಲೆ ಒಡೆಯುವ ಗೆರೆಯಿಂದ ಆಚೆ ತೇಲುತ್ತಿರುವ ತೆಂಗಿನಕಾಯಿಯೊಂದನ್ನು ಐದು ನಿಮಿಷ ನೋಡುತ್ತ ಕುಳಿತರೆ ಇದು ಅರ್ಥವಾಗುತ್ತದೆ: ಪ್ರತಿ ಅಲೆಗೂ ಅದು ಮೇಲೇರುತ್ತದೆ, ತುಸು ಮುಂದೆ ಬರುತ್ತದೆ, ಕೆಳಗಿಳಿದು ಹಿಂದೆ ಸರಿಯುತ್ತದೆ, ಕೊನೆಗೆ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಅದನ್ನು ಎತ್ತಿ ಇಳಿಸಿದ ಅಲೆ ಹುಟ್ಟಿದ್ದು ಎಲ್ಲೋ ದೂರದಲ್ಲಿ, ಹಲವು ಬಾರಿ ಹಿಂದೂ ಮಹಾಸಾಗರದ ದಕ್ಷಿಣ ತುದಿಯ ಬಿರುಗಾಳಿಯಲ್ಲಿ. ಹತ್ತು ಸೆಕೆಂಡಿಗೊಮ್ಮೆ ಬರುವ ಅಲೆಗಳ ಒಂದು ನೆತ್ತಿಯಿಂದ ಇನ್ನೊಂದು ನೆತ್ತಿಗೆ ಆಳದ ನೀರಿನಲ್ಲಿ ಸುಮಾರು 156 ಮೀಟರ್ ಅಂತರವಿರುತ್ತದೆ. ದಡ ಸಮೀಪಿಸಿ ನೀರು ಆಳ ಕಡಿಮೆಯಾದಂತೆ ಅಲೆಯ ತಳ ನೆಲದ ತಡೆಗೆ ಸಿಕ್ಕಿ ವೇಗ ತಗ್ಗುತ್ತದೆ, ಹಿಂದಿನ ಭಾಗ ಮುಂದಿನದನ್ನು ಒತ್ತುತ್ತದೆ, ಎತ್ತರ ಹೆಚ್ಚಿ ಕಡಿದಾಗುತ್ತದೆ. ಅಲೆಯ ಎತ್ತರದ ಒಂದೂಕಾಲು ಪಟ್ಟಿನಷ್ಟು ಆಳ ಉಳಿದಾಗ ಅದು ಮಗುಚುತ್ತದೆ. ಮೂರು ಅಡಿಯ ಅಲೆ ಒಡೆದ ಕಡೆ ಸುಮಾರು ನಾಲ್ಕು ಅಡಿ ನೀರಿದೆ ಎಂದು ದಡದಿಂದಲೇ ಅಂದಾಜು ಮಾಡಬಹುದು. ಮಗುಚಿದ ಮೇಲೆ ಮಾತ್ರ ನೀರು ನಿಜವಾಗಿ ಮುಂದಕ್ಕೆ ನುಗ್ಗುತ್ತದೆ. ಬಿಳಿ ನೊರೆಯ ಆ ನುಗ್ಗಿನಲ್ಲೇ ಹೊಸಬರ ಪಾಠ ನಡೆಯುತ್ತದೆ.

ನದಿಯ ಈಜುಗಾರ ಹೊಳೆಗೆ ಅಡ್ಡಲಾಗಿ ಒಂದೇ ಸಮನೆ ಕೈ ಬೀಸುತ್ತಾನೆ. ಕಡಲಿನಲ್ಲಿ ಹಾಗೆ ಬೀಸಿದರೆ ಹತ್ತು ನಿಮಿಷಕ್ಕೆ ದಣಿವು. ಅಲೆಗಳು ಗುಂಪಾಗಿ ಬರುತ್ತವೆ. ನಾಲ್ಕೈದು ದೊಡ್ಡವು ಬಂದು ಹೋದ ಮೇಲೆ ಸ್ವಲ್ಪ ಹೊತ್ತು ಬಿಡುವು ಇರುತ್ತದೆ. ಆ ಬಿಡುವಿಗೆ ಕಾದು ಮುಂದೆ ಹೋಗಬೇಕು. ಉಪ್ಪುನೀರು ಸಿಹಿನೀರಿಗಿಂತ ಸ್ವಲ್ಪ ಹೆಚ್ಚು ತೇಲಿಸುತ್ತದೆ ಎಂಬ ಸಮಾಧಾನ ಇದ್ದೇ ಇದೆ, ಕಣ್ಣು ಉರಿಯುವುದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ.

ಈಜು ಬಾರದವರು ಕಲಿಯಬಹುದೇ?

ಸೊಂಟದ ಮಟ್ಟದ ನೀರಿನಲ್ಲಿ, ತರಬೇತುದಾರರು ಪಕ್ಕದಲ್ಲೇ ಇರುವಾಗ, ಒಂದೆರಡು ತರಗತಿಗಳನ್ನು ಈಜು ಬಾರದವರಿಗೂ ಕೆಲವರು ಹೇಳಿಕೊಡುತ್ತಾರೆ. ನನ್ನ ಅಭಿಪ್ರಾಯ ಬೇರೆ: ಮೊದಲು ಈಜು, ಆಮೇಲೆ ಹಲಗೆ. ನಿಲ್ಲದೆ ನೂರು ಮೀಟರ್ ಈಜುವುದು, ಐದು ನಿಮಿಷ ಅಂಗಾತ ತೇಲುವುದು, ತಲೆ ಮುಳುಗಿದಾಗ ಗಾಬರಿಯಾಗದೆ ಉಸಿರು ಹಿಡಿಯುವುದು, ಈ ಮೂರು ಬಂದರೆ ಸಾಕು. ಶಿವಮೊಗ್ಗದ ಈಜುಕೊಳದಲ್ಲಿ ಎರಡು ಮೂರು ತಿಂಗಳು ಮನಸ್ಸಿಟ್ಟರೆ ಆಗುವಂಥದ್ದು. ಬೋರ್ಡ್ ತೇಲುತ್ತದೆ, ಅದನ್ನು ಹಿಡಿದುಕೊಂಡರಾಯಿತು ಎಂಬ ಧೈರ್ಯ ಬೇಡ. ಕಾಲಿಗೆ ಕಟ್ಟಿದ ಹಗ್ಗ ಕಡಿದುಹೋದ ದಿನ ಉಳಿಯುವುದು ಈಜು ಮಾತ್ರ.

ಯಾವ ತಿಂಗಳುಗಳಲ್ಲಿ ಹೋಗುವುದು ಒಳ್ಳೆಯದು?

ಹೊಸಬರಿಗೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಕಾಲ ಸೂಕ್ತ. ಮುಂಗಾರು ಹಿಂದೆ ಸರಿದ ಮೇಲೆ ಕಡಲು ತಣಿಯುತ್ತದೆ, ಅಲೆಗಳು ಚಿಕ್ಕವಾಗಿ ಒಂದರ ಹಿಂದೊಂದು ಅಚ್ಚುಕಟ್ಟಾಗಿ ಬರುತ್ತವೆ. ನಮ್ಮಲ್ಲಿ ಅಡಿಕೆ ಗೊನೆಯ ಕೊಯ್ಲು, ಬೇಯಿಸುವುದು, ಒಣಗಿಸುವುದು ಎಲ್ಲವೂ ಅದೇ ತಿಂಗಳುಗಳಲ್ಲಿ ಬರುವುದು ತೋಟದ ಮನೆಯವರ ದೌರ್ಭಾಗ್ಯ. ಮನೆಯವರ ಕಣ್ಣು ತಪ್ಪಿಸಿ ಎರಡು ದಿನ ಹೋಗಿಬರುವ ಉಪಾಯವನ್ನು ನಾನು ಹೇಳಿಕೊಡಲಾರೆ.

ಏಪ್ರಿಲ್, ಮೇ ತಿಂಗಳುಗಳಲ್ಲಿ ಅಲೆಗಳು ಬಲವಾಗುತ್ತ ಹೋಗುತ್ತವೆ. ಸಸಿಹಿತ್ಲು ಕಡಲತೀರದಲ್ಲಿ 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ನಡೆದದ್ದು ಮೇ ಕೊನೆಯ ವಾರದಲ್ಲಿ. ಸ್ಪರ್ಧಿಗಳಿಗೆ ಹಬ್ಬವಾದ ಆ ಅಲೆ ಕಲಿಯುವವರಿಗೆ ಹಬ್ಬವಾಗಲಾರದು. ಜೂನ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ ಕಲಿಯುವ ಯೋಚನೆಯನ್ನೇ ಬಿಡಬೇಕು. ಕಡಲಿನಲ್ಲೇ ಹುಟ್ಟಿ ಬೆಳೆದವರ ಯಾಂತ್ರಿಕ ದೋಣಿಗಳೇ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದಡದಲ್ಲಿರುತ್ತವೆ. ಮೀನಿನ ಸಂತಾನ ಕಾಯಲು ಮಾಡಿದ ಆ ನಿಷೇಧ ಕಡಲು ಕೆರಳುವ ಕಾಲಕ್ಕೇ ಬಂದಿದೆ. ನೂಲ ಹುಣ್ಣಿಮೆಯಂದು (ಶ್ರಾವಣದ ಹುಣ್ಣಿಮೆ) ಮೀನುಗಾರ ಸಮುದಾಯದ ಮೊಗವೀರರು ಕಡಲಿಗೆ ಹಾಲೆರೆದು ಪೂಜೆ ಮಾಡುವುದು ಆ ಕೆರಳು ಇಳಿಯಲಿ ಎಂದೇ.

ದಿನದ ಯಾವ ಹೊತ್ತು ಎಂಬುದೂ ಮುಖ್ಯ. ರಾತ್ರಿ ನೆಲ ಬೇಗ ತಣಿಯುವುದರಿಂದ ಬೆಳಗಿನ ಜಾವ ಗಾಳಿ ಘಟ್ಟದ ಕಡೆಯಿಂದ ಕಡಲಿನತ್ತ ಬೀಸಿ ಅಲೆಯ ಮುಖವನ್ನು ಎದುರಿನಿಂದ ಸವರಿ ನಯಗೊಳಿಸುತ್ತದೆ. ಹತ್ತು ಹನ್ನೊಂದು ಗಂಟೆಗೆ ನೆಲ ಕಾದು ಗಾಳಿ ತಿರುಗಿದರೆ ನೀರೆಲ್ಲ ಕಲಸಿದಂತಾಗುತ್ತದೆ. ಆದ್ದರಿಂದ ತರಗತಿಗಳು ಆರೂವರೆ, ಏಳಕ್ಕೇ ಶುರುವಾಗುತ್ತವೆ. ಹೊರಡುವ ಮೊದಲು ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್ (INCOIS) ಪ್ರಕಟಿಸುವ ಅಲೆಗಳ ಮುನ್ಸೂಚನೆಯನ್ನು ಮೊಬೈಲಿನಲ್ಲಿ ನೋಡಿಕೊಳ್ಳಬೇಕು. ಎತ್ತರದ ಅಲೆಗಳ ಎಚ್ಚರಿಕೆ ಇದ್ದ ದಿನ ಉಡುಪಿಯ ಕೃಷ್ಣಮಠಕ್ಕೆ ಹೋಗಿ ಊಟ ಮಾಡಿಕೊಂಡು ಬನ್ನಿ.

ಎಲ್ಲಿ ಕಲಿಯಬಹುದು?

ಮೂಲ್ಕಿ ಮತ್ತು ಸಸಿಹಿತ್ಲು ಸುತ್ತಮುತ್ತ ಕಲಿಸುವವರು ಹೆಚ್ಚಿದ್ದಾರೆ. ಶಾಂಭವಿ ಮತ್ತು ನಂದಿನಿ ನದಿಗಳು ಅಲ್ಲಿ ಕಡಲು ಸೇರುತ್ತವೆ. ನದಿ ತಂದು ಸುರಿದ ಮರಳಿನ ದಿಬ್ಬಗಳಿಂದಾಗಿ ಅಲ್ಲಿ ಅಲೆಗಳು ಚೆನ್ನಾಗಿ ಒಡೆಯುತ್ತವೆ. ಅದೇ ಕಾರಣಕ್ಕೆ ಅಳಿವೆ ಬಾಗಿಲಿನ, ಅಂದರೆ ನದಿ ಕಡಲು ಸೇರುವ ಬಾಯಿಯ, ಹತ್ತಿರ ಸೆಳೆತವೂ ಜೋರು. ಇಳಿತದ ಹೊತ್ತಿನಲ್ಲಿ ನದಿಯ ನೀರು ಮತ್ತು ಹಿಂದಿರುಗುವ ಕಡಲ ನೀರು ಒಟ್ಟಾಗಿ ಹೊರಗೆ ನುಗ್ಗುವುದರಿಂದ ಹೊಸಬರು ಅಳಿವೆಯಿಂದ ದೂರದಲ್ಲೇ ಇಳಿಯಬೇಕು. ಕಡಲು ಸರಿಯಿಲ್ಲದ ದಿನ ಶಾಂಭವಿಯ ಶಾಂತ ನೀರಿನಲ್ಲಿ ಹಲಗೆಯ ಮೇಲೆ ನಿಂತು ಹುಟ್ಟು ಹಾಕುವುದನ್ನು ಕಲಿಸುತ್ತಾರೆ. ಸಮತೋಲನಕ್ಕೆ ಅದು ಒಳ್ಳೆಯ ಅಭ್ಯಾಸ.

ಗೋಕರ್ಣದಲ್ಲೂ ತರಗತಿಗಳು ನಡೆಯುತ್ತವೆ. ಅಲ್ಲಿ ಬಂಡೆಗಳು ಹೆಚ್ಚಿರುವುದರಿಂದ ಮರಳು ತಳವಿರುವ ಕಡೆ ಮಾತ್ರ ಕಲಿಯಿರಿ. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಕಡಲತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ, ಸ್ವಚ್ಛ ಹಾಗೂ ಸುರಕ್ಷಿತ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿದೆ. ಈಜುವ ಜಾಗ ಗುರುತು ಮಾಡಿ ಜೀವರಕ್ಷಕರನ್ನು ಇಟ್ಟಿರುತ್ತಾರೆ. ಕಡಲ ನೀರಿನ ಭಯ ಬಿಡಿಸಿಕೊಳ್ಳಲು, ಕುಟುಂಬದವರನ್ನು ಕೂರಿಸಲು ಅವು ತಕ್ಕ ಜಾಗಗಳು. ಮುರುಡೇಶ್ವರದ ನೇತ್ರಾಣಿ ದ್ವೀಪದ ಬಗ್ಗೆ ಹಲವರು ಕೇಳುತ್ತಾರೆ. ಅಲ್ಲಿ ನಡೆಯುವುದು ನೀರಿನಡಿಯ ಸ್ಕೂಬಾ ಡೈವಿಂಗ್, ಸರ್ಫಿಂಗ್ ಅಲ್ಲ.

ಶಿವಮೊಗ್ಗದಿಂದ ಯಾವ ದಾರಿ ಅನುಕೂಲ?

ಮೂಲ್ಕಿಗೆ ತೀರ್ಥಹಳ್ಳಿ, ಆಗುಂಬೆ, ಹೆಬ್ರಿ, ಉಡುಪಿ ದಾರಿ. ಉಡುಪಿಯವರೆಗೆ ಸುಮಾರು 150 ಕಿಲೋಮೀಟರ್, ಅಲ್ಲಿಂದ ಮೂಲ್ಕಿಗೆ ಮತ್ತೆ ಮೂವತ್ತರ ಹತ್ತಿರ. ಕುಂದಾಪುರ, ಮರವಂತೆ ಕಡೆಗೆ ಹೊಸನಗರ, ನಗರ, ಹುಲಿಕಲ್ ಘಾಟಿ. ಗೋಕರ್ಣಕ್ಕೆ ಸಾಗರ, ತಾಳಗುಪ್ಪ, ಗೇರುಸೊಪ್ಪೆ, ಹೊನ್ನಾವರ. ಸಾಗರದವರಿಗೆ ಇನ್ನೊಂದು ದಾರಿಯೂ ತೆರೆದಿದೆ: ಶರಾವತಿ ಹಿನ್ನೀರಿಗೆ ಕಟ್ಟಿದ ಸಿಗಂದೂರು ಸೇತುವೆ 2025ರ ಜುಲೈನಲ್ಲಿ ಸಂಚಾರಕ್ಕೆ ಮುಕ್ತವಾದ ಮೇಲೆ ಲಾಂಚ್‌ಗೆ (ವಾಹನ ದಾಟಿಸುವ ದೋಣಿಗೆ) ಕಾಯದೆ ತುಮರಿ ಮೇಲಿಂದ ಕೊಲ್ಲೂರಿಗೆ ಇಳಿಯಬಹುದು. ಶಿವಮೊಗ್ಗದ ರೈಲು ತಾಳಗುಪ್ಪಕ್ಕೇ ನಿಲ್ಲುವುದರಿಂದ ಕರಾವಳಿಗೆ ಬಸ್ಸು ಅಥವಾ ಸ್ವಂತ ವಾಹನವೇ ಗತಿ. ಘಟ್ಟ ಇಳಿದ ಮೇಲೆ ಊರಿಂದೂರಿಗೆ ಹೋಗಲು ಕೊಂಕಣ ರೈಲು ಬಹಳ ಅನುಕೂಲ; ಮೂಲ್ಕಿ, ಉಡುಪಿ, ಕುಂದಾಪುರ, ಮುರುಡೇಶ್ವರ, ಹೊನ್ನಾವರ, ಗೋಕರ್ಣ ರಸ್ತೆ ಎಲ್ಲ ಕಡೆ ನಿಲ್ದಾಣಗಳಿವೆ.

ಹಿಂದಿನ ದಿನವೇ ಹೋಗಿ ಉಳಿಯಿರಿ. ಶನಿವಾರ ನಸುಕಿನಲ್ಲಿ ಹೊರಟು ಆಗುಂಬೆಯ ಹದಿನಾಲ್ಕು ತಿರುವು ಇಳಿದು ನೇರವಾಗಿ ನೀರಿಗಿಳಿದವರು ಬೆಳಗಿನ ಉಪಾಹಾರವನ್ನು ಕಡಲಿಗೆ ಒಪ್ಪಿಸಿದ್ದನ್ನು ಕಂಡಿದ್ದೇನೆ.

ಮೊದಲ ತರಗತಿಯಲ್ಲಿ ಏನೇನು ನಡೆಯುತ್ತದೆ?

ಮೊದಲ ಅರ್ಧ ಗಂಟೆ ಮರಳಿನ ಮೇಲೆಯೇ. ಬೋರ್ಡಿನ ಮೂತಿ, ಬಾಲ, ಅಡಿಯಲ್ಲಿರುವ ರೆಕ್ಕೆಗಳು, ಕಾಲಿಗೆ ಕಟ್ಟುವ ಲೀಶ್ ಎಂಬ ಹಗ್ಗ, ಇವುಗಳ ಪರಿಚಯವಾಗುತ್ತದೆ. ಆಮೇಲೆ ನಿಮ್ಮ ಮುಂಗಾಲು ಯಾವುದು ಎಂದು ಕಂಡುಹಿಡಿಯುತ್ತಾರೆ. ಹಿಂದಿನಿಂದ ಮೆಲ್ಲಗೆ ತಳ್ಳಿದಾಗ ತಾನಾಗಿ ಯಾವ ಕಾಲು ಮುಂದಕ್ಕೆ ಬರುತ್ತದೆಯೋ ಸಾಮಾನ್ಯವಾಗಿ ಅದೇ ಮುಂಗಾಲು, ಮತ್ತೊಂದಕ್ಕೆ ಲೀಶ್. ನಂತರ ಮರಳಿನಲ್ಲಿ ಬೋರ್ಡಿನ ಆಕಾರ ಬರೆದು ಅದರ ಮೇಲೆ ಬೋರಲಾಗಿ ಮಲಗಿ, ಅಂಗೈಗಳನ್ನು ಎದೆಯ ಪಕ್ಕ ಊರಿ, ಒಂದೇ ಚಲನೆಯಲ್ಲಿ ಎದ್ದು ನಿಲ್ಲುವ ಪಾಪ್-ಅಪ್ ಅನ್ನು ಇಪ್ಪತ್ತು ಮೂವತ್ತು ಬಾರಿ ಮಾಡಿಸುತ್ತಾರೆ.

ನೀರಿಗಿಳಿದ ಮೇಲೆ ಸೊಂಟದ ಮಟ್ಟದಲ್ಲಿ ನಿಂತು, ಬೋರ್ಡನ್ನು ದಡದ ಕಡೆ ತಿರುಗಿಸಿ ಮಲಗಿಸುತ್ತಾರೆ. ತರಬೇತುದಾರರು ಬಾಲ ಹಿಡಿದುಕೊಂಡು ಬೆನ್ನ ಹಿಂದಿನ ಅಲೆಯನ್ನು ನೋಡುತ್ತಿರುತ್ತಾರೆ. ನಿಮಗೆ ಅದು ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ. ಮೊದಲು ಬಾಲ ಮೇಲೇಳುತ್ತದೆ. ಆ ಕ್ಷಣದಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಗಾಬರಿಯಾಗಿ ತಕ್ಷಣ ಏಳುವುದು. ನೊರೆ ತಾಗಿ, ಬೋರ್ಡ್ ನಡುಗಿ, ಆಮೇಲೆ ಆ ನಡುಕ ನಿಂತು ಹಲಗೆ ಜಾರುಬಂಡೆಯ ಮೇಲಿದ್ದಂತೆ ನಯವಾಗಿ ಹೋಗಲು ತೊಡಗುತ್ತದೆ. ಏಳಬೇಕಾದದ್ದು ಆಗ. ನನಗೆ ಈ ವ್ಯತ್ಯಾಸ ಗೊತ್ತಾಗಲು ಎರಡು ದಿನ ಬೇಕಾಯಿತು. ತರಬೇತುದಾರ ಹುಡುಗ ನನಗಿಂತ ಹದಿನೈದು ವರ್ಷ ಚಿಕ್ಕವನು, ಪ್ರತಿ ಸಲವೂ 'ಅಣ್ಣಾ, ಗಡಿಬಿಡಿ ಮಾಡ್ಬೇಡಿ' ಎನ್ನುತ್ತಿದ್ದ.

ಬೀಳುವುದನ್ನೂ ಕಲಿಸುತ್ತಾರೆ. ತಲೆ ಕೆಳಗಾಗಿ ಧುಮುಕಬಾರದು, ಏಕೆಂದರೆ ನೆಲ ನಾಲ್ಕೇ ಅಡಿಯಲ್ಲಿದೆ. ಬೆನ್ನಿನ ಮೇಲೋ ಪಕ್ಕಕ್ಕೋ ಚಪ್ಪಟೆಯಾಗಿ ಬೀಳಬೇಕು. ಮೇಲೆ ಬರುವಾಗ ಎರಡೂ ತೋಳುಗಳಿಂದ ತಲೆ ಮುಚ್ಚಿಕೊಳ್ಳಬೇಕು, ಬೋರ್ಡ್ ಎಲ್ಲಿದೆಯೋ ಗೊತ್ತಿರುವುದಿಲ್ಲ. ಒಳಕ್ಕೆ ನಡೆಯುವಾಗ ಬೋರ್ಡನ್ನು ಪಕ್ಕದಲ್ಲಿ ಹಿಡಿಯಬೇಕು. ನಿಮ್ಮ ಮತ್ತು ಅಲೆಯ ನಡುವೆ ಅಡ್ಡ ಹಿಡಿದರೆ ಅಲೆ ಅದನ್ನು ಮುಖಕ್ಕೇ ಅಪ್ಪಳಿಸುತ್ತದೆ.

ಯಾವ ಬೋರ್ಡ್ ಬಳಸಬೇಕು? ಕೊಳ್ಳಬೇಕೇ?

ಎಂಟು ಅಥವಾ ಒಂಬತ್ತು ಅಡಿ ಉದ್ದದ, ಮೇಲ್ಮೈ ಮೆತ್ತಗಿರುವ ಫೋಮ್ ಬೋರ್ಡ್. ಅದು ಹೆಚ್ಚು ತೇಲುತ್ತದೆ, ಅಲುಗಾಟ ಕಡಿಮೆ, ತಲೆಗೆ ಬಡಿದರೂ ಪೆಟ್ಟು ಸಣ್ಣದು. ವಿಡಿಯೋಗಳಲ್ಲಿ ಕಾಣುವ ಚೂಪು ಮೂತಿಯ ಚಿಕ್ಕ ಫೈಬರ್ ಬೋರ್ಡುಗಳು ಕಲಿಯುವವರಿಗಲ್ಲ. ಕೊಳ್ಳುವ ಯೋಚನೆಯನ್ನು ಒಂದು ವರ್ಷ ಮುಂದಕ್ಕೆ ಹಾಕಿ. ಒಂಬತ್ತು ಅಡಿಯ ಹಲಗೆಯನ್ನು ಬಸ್ಸಿನಲ್ಲಿ ಆಗುಂಬೆ ಹತ್ತಿಸಲು ಯಾವ ಕಂಡಕ್ಟರೂ ಒಪ್ಪುವುದಿಲ್ಲ.

ಊರಿನಲ್ಲೇ ಅಭ್ಯಾಸ ಮಾಡಲು ಏನಾದರೂ ಉಪಾಯವಿದೆಯೇ?

ಇದೆ, ಅದೂ ಖರ್ಚಿಲ್ಲದೆ. ಸೂರ್ಯನಮಸ್ಕಾರದಲ್ಲಿ ಭುಜಂಗಾಸನದಿಂದ ಕೈ ಊರಿ ಒಂದು ಕಾಲನ್ನು ಎರಡು ಕೈಗಳ ನಡುವೆ ತರುವ ಚಲನೆಗೂ ಪಾಪ್-ಅಪ್‌ಗೂ ಹೆಚ್ಚು ಅಂತರವಿಲ್ಲ. ನಿತ್ಯ ಹನ್ನೆರಡು ಸೂರ್ಯನಮಸ್ಕಾರ ಮಾಡುವವರು ಮೊದಲ ದಿನ ಉಳಿದವರಿಗಿಂತ ಬೇಗ ಎದ್ದು ನಿಲ್ಲುವುದನ್ನು ನೋಡಿದ್ದೇನೆ. ನಾನು ಊರ ಮನೆಯ ಕೆಂಪು ಸಿಮೆಂಟಿನ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಎಂಟಡಿಯ ಬೋರ್ಡ್ ಬರೆದು, ನಡುವೆ ಉದ್ದಕ್ಕೆ ಒಂದು ಗೆರೆ ಎಳೆದು, ಎರಡೂ ಪಾದಗಳು ಆ ಗೆರೆಯ ಮೇಲೇ ಅಡ್ಡಲಾಗಿ ಬೀಳುತ್ತವೆಯೇ ಎಂದು ಪರೀಕ್ಷಿಸುತ್ತಿದ್ದೆ. ಪಾದ ಗೆರೆಯಿಂದ ನಾಲ್ಕು ಬೆರಳು ಆಚೆ ಹೋದರೆ ನೀರಿನಲ್ಲಿ ಹಲಗೆ ಮಗುಚುತ್ತದೆ. ಪುಡಿ ಕಾಲಿಗಂಟಿ ಮನೆಯೆಲ್ಲ ಹರಡಿದ್ದಕ್ಕೆ ಅಮ್ಮ ಹೇಳಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಸೀಮೆಸುಣ್ಣ ಬಳಸುವುದು ಉತ್ತಮ. ಇದರ ಜೊತೆಗೆ ಭುಜ ಮತ್ತು ಬೆನ್ನಿಗೆ ಬಲ ಬೇಕು, ಏಕೆಂದರೆ ನಿಲ್ಲುವುದು ಕೆಲವು ಸೆಕೆಂಡು, ಮಲಗಿ ಕೈಯಿಂದ ನೀರು ತಳ್ಳುವುದೇ ಗಂಟೆಗಟ್ಟಲೆ.

ಕಡಲಿನ ಸೆಳೆತಕ್ಕೆ ಸಿಕ್ಕಿದರೆ ಏನು ಮಾಡಬೇಕು?

ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಕ್ಕೆ ಹೋಗಲೇಬೇಕು. ಗದ್ದೆಯಲ್ಲಿ ತುಂಬಿದ ನೀರು ಅಂಚಿನಲ್ಲಿ ಎಲ್ಲಿ ಕಂಡಿ ಸಿಗುತ್ತದೆಯೋ ಅಲ್ಲಿಗೇ ನುಗ್ಗುವಂತೆ, ಕಡಲಿನಲ್ಲೂ ಎರಡು ಮರಳ ದಿಬ್ಬಗಳ ನಡುವಿನ ತಗ್ಗಿನಲ್ಲಿ ಆ ನೀರೆಲ್ಲ ಸೇರಿ ಹೊರಗೆ ಹರಿಯುತ್ತದೆ. ಅದನ್ನೇ ರಿಪ್ ಕರೆಂಟ್ ಎನ್ನುತ್ತಾರೆ. ಕಡಲಿನೊಳಗಿನ ಹೊಳೆ ಎಂದುಕೊಳ್ಳಿ. ಅಚ್ಚರಿಯೆಂದರೆ ದಡದಿಂದ ನೋಡುವವರಿಗೆ ಅದೇ ಶಾಂತವಾದ ಜಾಗವಾಗಿ ಕಾಣುತ್ತದೆ. ಅಲ್ಲಿ ಆಳ ಹೆಚ್ಚಿರುವುದರಿಂದ ಅಲೆ ಒಡೆಯುವುದಿಲ್ಲ, ನೊರೆ ಇರುವುದಿಲ್ಲ, ನೀರು ಸ್ವಲ್ಪ ಕಪ್ಪಾಗಿ ಅಥವಾ ಮರಳು ಕದಡಿ ಕಂದಾಗಿ ಇರುತ್ತದೆ. ಮಕ್ಕಳನ್ನು ಆಡಿಸಲು ನಮ್ಮವರು ಹುಡುಕಿಕೊಂಡು ಹೋಗುವುದು ಇಂಥ ಜಾಗವನ್ನೇ.

ಸಿಕ್ಕಿಕೊಂಡರೆ ದಡದ ಕಡೆ ಈಜಿ ಎದುರಿಸಬಾರದು. ಪ್ರವಾಹಕ್ಕೆ ಎದುರಾಗಿ ಈಜಬಾರದು ಎಂದು ಹೊಳೆಯಲ್ಲಿ ಕಲಿತ ಪಾಠ ಇಲ್ಲಿ ಮಾತ್ರ ಪೂರ್ತಿ ಉಪಯೋಗಕ್ಕೆ ಬರುತ್ತದೆ. ಹೊಳೆಯಲ್ಲಿ ಓರೆಯಾಗಿ ದಡ ಸೇರುವಂತೆ, ಕಡಲಿನಲ್ಲಿ ದಡಕ್ಕೆ ಸಮಾನಾಂತರವಾಗಿ ಬಲಕ್ಕೋ ಎಡಕ್ಕೋ ಈಜಿ ಆ ಹರಿವಿನಿಂದ ಹೊರಗೆ ಬರಬೇಕು, ಆಮೇಲೆ ಒಡೆಯುವ ಅಲೆಗಳ ನೆರವಿನಿಂದ ದಡದತ್ತ ತಿರುಗಬೇಕು. ಸೆಳೆತ ಒಳಗೆ ಮುಳುಗಿಸುವುದಿಲ್ಲ, ಹೊರಗೆ ಒಯ್ಯುತ್ತದೆ, ಮುಳುಗಿಸುವುದು ದಣಿವು. ಬೋರ್ಡ್ ಇದ್ದರೆ ಎಂದಿಗೂ ಬಿಡಬೇಡಿ, ಅದರ ಮೇಲೆ ಮಲಗಿ ಒಂದು ಕೈ ಎತ್ತಿ ಬೀಸಿ. ದಡದಲ್ಲಿರುವವರು ನೆರವಿಗೆಂದು ಬರಿಗೈಯಲ್ಲಿ ನೀರಿಗೆ ಹಾರದೆ ಜೀವರಕ್ಷಕರನ್ನು ಕೂಗಬೇಕು, 112ಕ್ಕೆ ಕರೆ ಮಾಡಬೇಕು.

ಎಂಥ ಬಟ್ಟೆ ಹಾಕಬೇಕು? ಒಡವೆ, ಕನ್ನಡಕ ಏನು ಮಾಡುವುದು?

ಮೈಗೆ ಅಂಟುವ ಉದ್ದ ತೋಳಿನ ಈಜುಡುಗೆ, ಅಂದರೆ ರ‍್ಯಾಶ್‌ಗಾರ್ಡ್, ಜೊತೆಗೆ ಮಂಡಿವರೆಗಿನ ಅಥವಾ ಪೂರ್ತಿ ಕಾಲಿನ ಬಿಗಿ ಉಡುಪು ಗಂಡಸರಿಗೂ ಹೆಂಗಸರಿಗೂ ಸರಿ. ನಮ್ಮ ಕಡಲಿನ ನೀರು ಬೆಚ್ಚಗಿರುವುದರಿಂದ ದಪ್ಪ ರಬ್ಬರ್ ಉಡುಪು ಬೇಡ. ನಾನು ಮೊದಲ ದಿನ ಹತ್ತಿ ಬನಿಯನ್ನಿನಲ್ಲಿ ಇಳಿದಿದ್ದೆ. ಒದ್ದೆ ಬಟ್ಟೆ, ಮರಳು, ಬೋರ್ಡಿನ ಮೇಲ್ಮೈ ಮೂರೂ ಸೇರಿ ಎದೆ ಮತ್ತು ಹೊಟ್ಟೆಯ ಚರ್ಮ ತೆಂಗಿನಕಾಯಿ ತುರಿದ ಹಾಗೆ ತರಚಿಹೋಗಿ ಒಂದು ವಾರ ಅಂಗಿ ತಾಗಿದರೂ ಉರಿಯುತ್ತಿತ್ತು.

ಕರಿಮಣಿ ಸರ, ಬಳೆ, ಉಂಗುರ, ಕಾಲುಂಗುರ, ಕಿವಿಯ ಜೋತಾಡುವ ಓಲೆ ಎಲ್ಲವನ್ನೂ ಕೋಣೆಯಲ್ಲಿ ತೆಗೆದಿಟ್ಟು ಬನ್ನಿ. ನೀರಿನಲ್ಲಿ ಉಂಗುರ ಜಾರಿದರೆ ಸಿಗುವುದಿಲ್ಲ, ಸರ ಹಗ್ಗಕ್ಕೆ ತೊಡರಿದರೆ ಕುತ್ತಿಗೆಗೆ ಅಪಾಯ. ಕನ್ನಡಕ ಹಾಕಿಕೊಂಡು ಇಳಿಯುವುದು ಬೇಡ. ಕಣ್ಣಿನ ಲೆನ್ಸ್ ಅಲೆಗೆ ತೊಳೆದುಹೋಗುತ್ತದೆ, ಉಪ್ಪುನೀರು ಸೇರಿ ಸೋಂಕೂ ಆಗಬಹುದು. ನೊರೆ ಅಲೆಯಲ್ಲಿ ಕಲಿಯುವ ಮಟ್ಟಿಗೆ ಮಸುಕು ನೋಟವೇ ಸಾಕಾಗುತ್ತದೆ.

ಶಾರ್ಕ್, ಜೆಲ್ಲಿ ಮೀನುಗಳ ಭಯವಿದೆಯೇ?

ದಡದ ಹತ್ತಿರ ಶಾರ್ಕ್ ಬಗ್ಗೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಉಂಬಳಕ್ಕೆ (ಕಾಡಿನ ಜಿಗಣೆಗೆ) ಅಂಜದ ನಮಗೆ ಜೆಲ್ಲಿ ಮೀನಿನ ಉರಿ ತಡೆಯಬಹುದಾದದ್ದೇ. ತಾಗಿದ ಜಾಗವನ್ನು ಉಜ್ಜದೆ, ಸಿಹಿನೀರು ಹಾಕದೆ, ಕಡಲ ನೀರಿನಿಂದಲೇ ತೊಳೆಯಬೇಕು. ಮರಳಿನಲ್ಲಿ ಹುದುಗಿರುವ ತೊರಕೆ ಮೀನನ್ನು ತುಳಿದರೆ ಬಾಲದ ಮುಳ್ಳು ಚುಚ್ಚುತ್ತದೆ. ಆದ್ದರಿಂದ ಕಾಲೆತ್ತಿ ಇಡದೆ ಮರಳಿನಲ್ಲಿ ಪಾದ ಎಳೆಯುತ್ತ ನಡೆದರೆ ಅದು ತಾನೇ ಸರಿದುಹೋಗುತ್ತದೆ. ಚುಚ್ಚಿದರೆ ತಡೆಯುವಷ್ಟು ಬಿಸಿಯಾದ ನೀರಿನಲ್ಲಿ ಕಾಲಿಟ್ಟುಕೊಂಡು ವೈದ್ಯರ ಬಳಿ ಹೋಗಬೇಕು. ಉಸಿರಾಟದ ತೊಂದರೆ, ಮುಖ ಊದುವುದು ಕಂಡರೆ ಯಾವುದಕ್ಕೂ ಕಾಯಬಾರದು.

ಕಲಿಸುವವರನ್ನು ಆರಿಸುವಾಗ ಏನು ಕೇಳಬೇಕು?

ಒಬ್ಬ ತರಬೇತುದಾರನಿಗೆ ಎಷ್ಟು ಜನ ಕಲಿಯುವವರು? ನಾಲ್ಕಕ್ಕಿಂತ ಹೆಚ್ಚಾದರೆ ನಾನು ಒಪ್ಪುವುದಿಲ್ಲ. ಅವರಿಗೆ ಜೀವರಕ್ಷಣೆ ಮತ್ತು ಪ್ರಥಮ ಚಿಕಿತ್ಸೆಯ ತರಬೇತಿಯಾಗಿದೆಯೇ? ಹೇಳಿದ ದರದಲ್ಲಿ ಬೋರ್ಡ್, ಉಡುಪು ಸೇರಿವೆಯೇ? ಕಡಲು ಸರಿಯಿಲ್ಲದೆ ತರಗತಿ ರದ್ದಾದರೆ ಹಣ ಏನಾಗುತ್ತದೆ? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರದಿಂದ ಆ ಜನರ ಸ್ವಭಾವ ತಿಳಿಯುತ್ತದೆ. 'ಎಂಥ ಕಡಲಾದರೂ ಇಳಿಸುತ್ತೇವೆ' ಎನ್ನುವವರಿಂದ ದೂರವಿರಿ.

ಬೋರ್ಡ್ ಕೈಗೆ ಬಂದ ಮೇಲೆ ಲೀಶ್ ಅನ್ನು ಎರಡು ಕೈಯಲ್ಲಿ ಎಳೆದು ನೋಡಿ. ಕರಾವಳಿಯ ಒಂದು ಊರಿನಲ್ಲಿ ತರಗತಿಯಿಲ್ಲದೆ ಬಾಡಿಗೆಗೆ ಬೋರ್ಡ್ ಮಾತ್ರ ಪಡೆದಿದ್ದೆ. ಬಿಸಿಲಿಗೆ ಸೀಳುಬಿಟ್ಟಿದ್ದ ಲೀಶ್ ಮೂರನೆಯ ಅಲೆಗೇ ತುಂಡಾಯಿತು. ಎದೆಮಟ್ಟದ ನೀರಿನಲ್ಲಿದ್ದುದರಿಂದ ನನಗೇನೂ ಆಗಲಿಲ್ಲ, ಆದರೆ ಬೋರ್ಡ್ ಅಲೆಯೊಂದಿಗೆ ಹಾರಿಹೋಗಿ ದಡದಲ್ಲಿ ಕಾಲು ತೋಯಿಸುತ್ತ ನಿಂತಿದ್ದ ಅಜ್ಜಿಯೊಬ್ಬರ ಎರಡು ಮಾರು ದೂರದಲ್ಲಿ ಬಿತ್ತು. ಕೊಟ್ಟವರು ತಪ್ಪೊಪ್ಪುವ ಬದಲು ಲೀಶಿನ ಬೆಲೆ ಕೇಳಿದರು. ಹಳೆಯದನ್ನು ನೋಡದೆ ಕಟ್ಟಿಕೊಂಡ ತಪ್ಪು ನನ್ನದೂ ಹೌದು.

ಎಷ್ಟು ದಿನದಲ್ಲಿ ಕಲಿಯಬಹುದು?

ಒಂದೂವರೆ ಎರಡು ಗಂಟೆಯ ಮೂರು ನಾಲ್ಕು ತರಗತಿಗಳಲ್ಲಿ ಬಹುತೇಕರು ನೊರೆ ಅಲೆಯ ಮೇಲೆ ಎದ್ದು ನಿಂತು ದಡದವರೆಗೆ ಬರುತ್ತಾರೆ. ಕಲಿತೆ ಎಂದು ಊರಿಗೆ ಬಂದು ಹೇಳಿಕೊಳ್ಳಲು ಅಷ್ಟು ಸಾಕು. ಒಡೆಯದ ಹಸಿರು ಅಲೆಯನ್ನು ತಾನೇ ಗುರುತಿಸಿ, ತಾನೇ ಕೈಬೀಸಿ ಹಿಡಿದು, ಅದರ ಮುಖದ ಮೇಲೆ ಓರೆಯಾಗಿ ಸಾಗುವುದಕ್ಕೆ ತಿಂಗಳುಗಳು ಬೇಕು. ವರ್ಷಕ್ಕೆ ಹತ್ತು ಹನ್ನೆರಡು ದಿನ ಮಾತ್ರ ಹೋಗಲು ಸಾಧ್ಯವಾದ ನನಗೆ ಮೂರನೆಯ ವರ್ಷ ಅಂಥ ಮೊದಲ ಅಲೆ ಸಿಕ್ಕಿತು. ನೀರಿನಲ್ಲಿ ಸುಮ್ಮನೆ ಕುಳಿತು ಅಲೆಗಳನ್ನು ನೋಡಿದ ಹೊತ್ತನ್ನು ವ್ಯರ್ಥ ಎಂದುಕೊಳ್ಳಬೇಡಿ. ನನ್ನ ಕಲಿಕೆಯ ಅರ್ಧಕ್ಕಿಂತ ಹೆಚ್ಚು ನಡೆದದ್ದು ಆ ನೋಟದಲ್ಲಿ.

ಮಕ್ಕಳು ಮತ್ತು ವಯಸ್ಸಾದವರು?

ಈಜು ಬರುವ ಎಂಟು ಹತ್ತು ವರ್ಷದ ಮಕ್ಕಳು ದೊಡ್ಡವರಿಗಿಂತ ಬೇಗ ಕಲಿಯುತ್ತಾರೆ. ಐವತ್ತು ದಾಟಿದವರೂ ಕಲಿಯಬಹುದು, ಆದರೆ ಹೃದಯದ ತೊಂದರೆ, ಮೂರ್ಛೆ, ಭುಜ ಕಳಚುವ ಸಮಸ್ಯೆ, ಕಿವಿಯ ತಮಟೆ ಹರಿದದ್ದು ಇದ್ದರೆ ವೈದ್ಯರನ್ನು ಕೇಳದೆ ಇಳಿಯಬಾರದು.

ನೀರಿನಲ್ಲಿ ಪಾಲಿಸಬೇಕಾದ ಮರ್ಯಾದೆಗಳೇನು?

ಒಂದು ಅಲೆಗೆ ಒಬ್ಬರು. ಅಲೆ ಮೊದಲು ಒಡೆಯುವ ತುದಿಗೆ ಯಾರು ಹತ್ತಿರವಿದ್ದಾರೋ ಆ ಅಲೆ ಅವರದು. ಬೋರ್ಡನ್ನು ಹಿಂದೆ ಯಾರಿದ್ದಾರೆ ಎಂದು ನೋಡದೆ ಕೈಬಿಡಬಾರದು. ಇದಕ್ಕಿಂತ ಮುಖ್ಯವಾಗಿ, ಕಡಲತೀರ ಮೀನುಗಾರರ ಅಂಗಳ. ಕೈರಂಪಣಿ ಬಲೆ ಬೀಸಿ ದಡದಲ್ಲಿ ಸಾಲಾಗಿ ನಿಂತು ಹಗ್ಗ ಎಳೆಯುತ್ತಿರುವ ಕಡೆ ಬೋರ್ಡ್ ತೆಗೆದುಕೊಂಡು ಹೋಗುವುದು, ನಮ್ಮ ಅಡಿಕೆ ಹರಡಿದ ಅಂಗಳದಲ್ಲಿ ಯಾರೋ ಬಂದು ಕ್ರಿಕೆಟ್ ಆಡಿದಂತೆ. ನಾಡದೋಣಿ ಬರುವ ಹೋಗುವ ದಾರಿಯನ್ನೂ ಬಿಟ್ಟುಕೊಡಬೇಕು. ಇಂದು ಕಡಲು ಹೇಗಿದೆ ಎಂದು ಅವರನ್ನೇ ಕೇಳಿ. ಮೂಲ್ಕಿಯಲ್ಲಿ ತುಳು, ಕುಂದಾಪುರದ ಕಡೆ ಕುಂದಗನ್ನಡ. ನಮ್ಮ ಕನ್ನಡ ಎರಡೂ ಕಡೆ ನಡೆಯುತ್ತದೆ.

ಊಟ ಮತ್ತು ಹಿಂದಿರುಗುವ ಪ್ರಯಾಣದ ಬಗ್ಗೆ ಸಲಹೆ?

ಇಳಿಯುವ ಒಂದು ಗಂಟೆ ಮೊದಲು ಎರಡು ಬಾಳೆಹಣ್ಣು ಅಥವಾ ಇಡ್ಲಿ ಸಾಕು. ಸುತ್ತ ನೀರೇ ಇದ್ದರೂ ಬೆವರು ಹರಿಯುವುದರಿಂದ ಕುಡಿಯುವ ನೀರನ್ನು ಮರೆಯಬಾರದು. ಹೊರಗೆ ಬಂದ ಮೇಲೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿಗಿಂತ ಹಿತವಾದ ಊಟವನ್ನು ನಾನು ಕಂಡಿಲ್ಲ. ಊಟಕ್ಕೆ ತಲೆ ಬಗ್ಗಿಸಿದಾಗ ಮೂಗಿನಿಂದ ದಳದಳನೆ ಉಪ್ಪುನೀರು ಎಲೆಗೆ ಸುರಿದರೆ ಗಾಬರಿ ಬೇಡ. ಬಿದ್ದಾಗ ಮೂಗಿನ ಮೇಲಿನ ಪೊಟರೆಗಳಲ್ಲಿ ಸೇರಿದ ನೀರು ಅದು, ಮೂರು ನಾಲ್ಕು ಗಂಟೆಯ ನಂತರವೂ ಬರುತ್ತದೆ. ಪಕ್ಕದಲ್ಲಿ ಕುಳಿತವರಿಗೆ ಮೊದಲೇ ಹೇಳಿಟ್ಟರೆ ಒಳ್ಳೆಯದು.

ಕೊನೆಯ ದಿನದ ತರಗತಿ ಮುಗಿಸಿದ ಕೂಡಲೇ ವಾಹನ ಓಡಿಸಿಕೊಂಡು ಘಟ್ಟ ಹತ್ತಬೇಡಿ. ತೋಳುಗಳಲ್ಲಿ ಸ್ಟಿಯರಿಂಗ್ ತಿರುಗಿಸುವ ಬಲ ಉಳಿದಿರುವುದಿಲ್ಲ, ಹೆಬ್ರಿ ದಾಟುವಷ್ಟರಲ್ಲಿ ಕಣ್ಣು ಎಳೆಯುತ್ತದೆ, ಸಂಜೆಯಾದರೆ ಆಗುಂಬೆಯಲ್ಲಿ ಮಂಜು ಬೇರೆ. ಎರಡು ಗಂಟೆ ಮಲಗಿ ಎದ್ದು ಹೊರಡಿ, ಇಲ್ಲವೇ ಬಸ್ಸಿನಲ್ಲಿ ಬನ್ನಿ. ಕಿಟಕಿ ಪಕ್ಕದ ಸೀಟು ಸಿಕ್ಕರೆ ಘಟ್ಟದ ಬುಡದ ಸೋಮೇಶ್ವರದಿಂದ ಮೇಲೆ ನಿದ್ದೆ ಮಾಡಬಹುದು, ತಿರುವುಗಳು ಬಿಟ್ಟರೆ.